ಉಸಿರು ಸಿದ್ಧ, ಎಲುಬು ಇನ್ನೂ ಇಲ್ಲ

ಪ್ರಶ್ನೆ: ನನಗೆ 47 ವರ್ಷ. ಫೋರ್ಟ್‌ನಲ್ಲಿ ಬ್ಯಾಂಕ್ ಉದ್ಯೋಗ, ದಿನವಿಡೀ ಕುಳಿತೇ ಕೆಲಸ. ಜನವರಿಯ ಮುಂಬಯಿ ಮ್ಯಾರಥಾನ್ ನೋಡಿದ ಹುಮ್ಮಸ್ಸಿನಲ್ಲಿ ಶಿವಾಜಿ ಪಾರ್ಕ್‌ಗೆ ಪ್ರತಿದಿನ ಮೂರು ಸುತ್ತು ಓಡತೊಡಗಿದೆ. ಮೂರು ವಾರ ಎಲ್ಲವೂ ಸರಿಯಿತ್ತು. ನಾಲ್ಕನೆಯ ವಾರ ಎರಡೂ ಕಾಲುಗಳಲ್ಲಿ, ಮೊಣಕಾಲಿನ ಕೆಳಗೆ, ಎಲುಬಿನ ಒಳಬದಿಯಲ್ಲಿ ನೋವು ಶುರುವಾಯಿತು. ಪರಿಚಯದ ಕನ್ನಡಿಗರ ಗುಂಪೊಂದು ರವಿವಾರ ಬೆಳಿಗ್ಗೆ ಅಲ್ಲಿಯೇ ಓಡುತ್ತದೆ. ನನ್ನ ನಿಧಾನದಿಂದ ಅವರಿಗೆ ತೊಂದರೆಯಾದೀತೆಂಬ ಸಂಕೋಚ. ಏನು ಮಾಡಲಿ?
— ಓದುಗರೊಬ್ಬರು, ಮಾಟುಂಗಾ

ಉತ್ತರ: ಮೊದಲು ನೋವಿನ ಮಾತು. ಬೆರಳಿನಿಂದ ಒತ್ತಿ ನೋಡಿದಾಗ ಎಲುಬಿನ ಒಳಅಂಚಿನಲ್ಲಿ ನಾಲ್ಕೈದು ಬೆರಳಗಲದಷ್ಟು ಉದ್ದಕ್ಕೂ ನೋವಿದ್ದು, ವಿಶ್ರಾಂತಿಯಿಂದ ಅದು ತಗ್ಗುವುದಾದರೆ ಹೊಸ ಓಟಗಾರರಲ್ಲಿ ಸಾಮಾನ್ಯವಾಗಿ ಕಾಣುವ ‘ಶಿನ್ ಸ್ಪ್ಲಿಂಟ್ಸ್’ ಇರಬಹುದು. ಆದರೆ ನೋವು ಒಂದೇ ಬಿಂದುವಿನಲ್ಲಿದ್ದು, ನಡೆಯುವಾಗಲೂ ರಾತ್ರಿ ಮಲಗಿದಾಗಲೂ ಕಾಡುವುದಾದರೆ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಮೂಡಿರುವ ಸಾಧ್ಯತೆಯಿದೆ. ಓಟ ನಿಲ್ಲಿಸಿ ಎಲುಬು ತಜ್ಞರನ್ನು ಕಾಣಿರಿ. ನೋವಿನ ಮಾತ್ರೆ ನುಂಗಿ ಓಡುವ ದಾರಿಯನ್ನಂತೂ ಹಿಡಿಯಬೇಡಿ.

ತೊಂದರೆ ನಾಲ್ಕನೆಯ ವಾರಕ್ಕೇ ಬಂದದ್ದರಲ್ಲಿ ಅಚ್ಚರಿಯಿಲ್ಲ. ಹೃದಯ ಮತ್ತು ರಕ್ತಪರಿಚಲನೆ ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗಿಕೊಳ್ಳುತ್ತವೆ. ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಓಟದಲ್ಲಿ ಪ್ರತಿ ಹೆಜ್ಜೆಗೂ ದೇಹತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಆ ಭಾರಕ್ಕೆ ಸಿದ್ಧವಾಗಲು ಎಲುಬು ಮೊದಲು ತನ್ನ ಹಳೆಯ ಅಂಶವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಅಂದರೆ ಬಲಗೊಳ್ಳುವ ಮೊದಲು ಕೆಲಕಾಲ ತುಸು ದುರ್ಬಲವೇ ಆಗಿರುತ್ತದೆ. ನಿಮ್ಮ ಉಸಿರು ‘ಇನ್ನೂ ಓಡು’ ಎಂದದ್ದು ಸರಿಯಾಗಿ ಆ ಹೊತ್ತಿನಲ್ಲಿ.

ಅರ್ಧ ಗಂಟೆ ಬಿರುಸಾಗಿ ನಡೆದರೂ ನೋವಿಲ್ಲವೆಂದಾದ ಮೇಲೆ ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಟ್ಟು ಆರಂಭಿಸಿ: ಐದು ನಿಮಿಷ ನಡಿಗೆ, ಬಳಿಕ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಬಾರಿ. 1996ರಲ್ಲಿ ಅಮೆರಿಕದ ಜೋಶ್ ಕ್ಲಾರ್ಕ್ ರೂಪಿಸಿದ, ಸೋಫಾ ಬಿಟ್ಟೇಳದವರನ್ನು ಐದು ಕಿ.ಮೀ. ಓಟಕ್ಕೆ ಸಜ್ಜುಗೊಳಿಸುವ ‘ಕೌಚ್ ಟು 5ಕೆ’ ಕ್ರಮವೂ ಇದೇ ಬಗೆಯದು. ಅದರ ಒಂಬತ್ತು ವಾರಗಳನ್ನು ನೀವು ಹದಿನೆಂಟು ಮಾಡಿಕೊಂಡರೂ ಅಡ್ಡಿಯಿಲ್ಲ. ಓಟದ ದೂರವನ್ನು ವಾರಕ್ಕೆ ಶೇ. 10ಕ್ಕಿಂತ ಹೆಚ್ಚಿಸಬಾರದೆಂಬ ಸೂತ್ರವನ್ನು ಹಲವರು ಹೇಳುತ್ತಾರೆ; ನನಗೆ ಅದಕ್ಕಿಂತ ಮರುದಿನ ಬೆಳಗಿನ ಕಾಲುನೋವೇ ನಂಬಿಗಸ್ತ ಅಳತೆಗೋಲು. ಶೂ ದುಬಾರಿಯಾಗಬೇಕಿಲ್ಲ, ಬೆರಳುಗಳನ್ನು ಒತ್ತದಿದ್ದರೆ ಸಾಕು. ಈ ವಯಸ್ಸಿನಲ್ಲಿ ರಕ್ತದೊತ್ತಡ, ಸಕ್ಕರೆಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳಿತು.

ಇನ್ನು ಸಂಕೋಚ. ಶಿವಾಜಿ ಪಾರ್ಕ್‌ನ ಒಂದು ಸುತ್ತು ಸುಮಾರು 1.2 ಕಿ.ಮೀ.; ಮರೀನ್ ಡ್ರೈವ್‌ನ ನೇರ ದಾರಿಯಲ್ಲಿ ಹಿಂದುಳಿದವರು ಹಿಂದೆಯೇ ಉಳಿಯುತ್ತಾರೆ, ಇಲ್ಲಿ ಮುಂದೆ ಹೋದವರು ಮತ್ತೆ ನಿಮ್ಮ ಪಕ್ಕಕ್ಕೇ ಬರುತ್ತಾರೆ. ಅಲ್ಲದೆ ಪಳಗಿದ ಓಟಗಾರರಿಗೂ ನಿಧಾನದ ದಿನಗಳು ಬೇಕಾಗುತ್ತವೆ, ಅವರ ಹೆಚ್ಚಿನ ಅಭ್ಯಾಸ ಸಾವಕಾಶವಾದುದೇ. ಆದುದರಿಂದ ‘ನಾನು ಓಡಿ-ನಡೆಯುವವನು, ನಿಮ್ಮಲ್ಲಿ ಇಂದು ಯಾರದು ನಿಧಾನದ ದಿನ?’ ಎಂದು ಮೊದಲೇ ಕೇಳಿಬಿಡಿ. ಜೊತೆಗಾರರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುವಷ್ಟೇ ವೇಗವಿರಲಿ. ನಿಜವಾದ ಅಪಾಯ ಬೇರೆಡೆ ಇದೆ: ನಾಚಿಕೆಯಿಂದ ಅವರ ವೇಗಕ್ಕೆ ಹೆಜ್ಜೆ ಹಾಕಿ, ಮಾತು ತುಂಡಾದರೂ ನಿಲ್ಲದಿರುವುದು. ಮುಂದಿನ ಜನವರಿಯಲ್ಲಿ ಪಾಲ್ಗೊಳ್ಳುವ ಆಸೆಯಿದ್ದರೆ ಅದೇ ಮ್ಯಾರಥಾನ್‌ನ ಸುಮಾರು ಆರು ಕಿ.ಮೀ.ನ ‘ಡ್ರೀಮ್ ರನ್’ ಸಾಕು. ಅಲ್ಲಿ ನಡೆಯುವವರೂ ಬಹಳ.

ನೋವು ಇಳಿಯುವವರೆಗೆ ಗುಂಪಿನಿಂದ ದೂರ ಉಳಿಯಬೇಕಿಲ್ಲ. ಬರುವ ರವಿವಾರ ಹೋಗಿ, ನೋವಾಗದಷ್ಟು ನಡೆಯಿರಿ, ಅವರ ಓಟ ಮುಗಿಯುವತನಕ ಕಟ್ಟೆಯ ಮೇಲೆ ಕುಳಿತಿರಿ. ಮಾಟುಂಗಾದ ಇಡ್ಲಿಗೆ ಎಲ್ಲರೂ ಒಟ್ಟಿಗೇ ಹೋಗಬಹುದು.