ಕಿರ್ಲೋಸ್ಕರ್ ಮೋಟಾರು ಯಾವ ಊರಿನದು?

ಪ್ರಶ್ನೆ: ನಮ್ಮ ತೋಟದ ಬಾವಿಯ ಪಂಪಿಗೆ ಜೋಡಿಸಿರುವ ಹಳೆಯ ಮೋಟಾರು ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯದು. ಕಿರ್ಲೋಸ್ಕರರು ಬೆಳಗಾವಿಯವರೆಂದು ಕೆಲವರು, ಮಹಾರಾಷ್ಟ್ರದವರೆಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ಸರಿ? ಮೋಟಾರಿನ ಫಲಕದ ಮೇಲಿರುವ 1440 ಎಂಬ ಅಂಕಿಯ ಅರ್ಥವೇನು?
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಎರಡು ಮಾತಿನಲ್ಲೂ ನಿಜವಿದೆ. ಸಂಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಸೈಕಲ್ ಅಂಗಡಿಯೇ ಅವರ ಉದ್ಯಮದ ಬೇರು. ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ತಯಾರಿಕೆಗೆ ತೊಡಗಿದ್ದ ಅವರು ಊರಿನ ವಿಸ್ತರಣೆಗಾಗಿ ಜಾಗ ಬಿಟ್ಟುಕೊಡಬೇಕಾಗಿ ಬಂದಾಗ, ಔಂಧ್ ಸಂಸ್ಥಾನದ ರಾಜರ ಆಶ್ರಯ ಪಡೆದು 1910ರಲ್ಲಿ ಕುಂಡಲದ ಬಳಿಯ ಬರಡು ನೆಲಕ್ಕೆ ಹೋಗಿ ನೆಲೆಸಿದರು. ಇಂದಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರ್‌ವಾಡಿ ಅದೇ. ಬೆಳಗಾವಿಯ ಪಾಲಿಗೆ ಅದು ಸಣ್ಣ ನಷ್ಟವಲ್ಲ.

ಆದರೆ ಕುಟುಂಬದ ಉದ್ಯಮ ಕನ್ನಡ ನಾಡಿಗೆ ಮರಳಿತು. 1941ರಲ್ಲಿ ಹರಿಹರದಲ್ಲಿ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ತಯಾರಿಸುವ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. 1946ರಲ್ಲಿ ಬೆಂಗಳೂರಿನಲ್ಲಿ, ಲಕ್ಷ್ಮಣರಾಯರ ಮಗ ರವಿ ಕಿರ್ಲೋಸ್ಕರರ ನೇತೃತ್ವದಲ್ಲಿ, ನಿಮ್ಮ ಮೋಟಾರನ್ನು ತಯಾರಿಸಿದ ಕಂಪನಿ ಹುಟ್ಟಿತು. ಬೆಂಗಳೂರೇ ಏಕೆ ಎಂದರೆ, ನನ್ನ ಅಭಿಪ್ರಾಯದಲ್ಲಿ, 1902ರಲ್ಲೇ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಕೊಟ್ಟ ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತೂ ಅದನ್ನು ಬಲ್ಲ ಎಂಜಿನಿಯರುಗಳೂ ಮೊದಲೇ ಸಿದ್ಧವಿದ್ದುದು ದೊಡ್ಡ ಅನುಕೂಲವಾಗಿತ್ತು. ಪಂಪುಗಳಿಗೆ ಹೆಸರಾದ ಕಿರ್ಲೋಸ್ಕರ್ ಬ್ರದರ್ಸ್ ಬೇರೆಯೇ ಕಂಪನಿ ಎಂಬುದನ್ನೂ ಗಮನಿಸಿ.

1440 ಎಂಬುದು ಪೂರ್ಣ ಹೊರೆಯಲ್ಲಿ ಮೋಟಾರು ನಿಮಿಷಕ್ಕೆ ತಿರುಗುವ ಸುತ್ತುಗಳ ಸಂಖ್ಯೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ, ನಿಮ್ಮದರಂಥ ನಾಲ್ಕು ಕಾಂತಧ್ರುವಗಳ ಇಂಡಕ್ಷನ್ ಮೋಟಾರಿನಲ್ಲಿ ಸ್ಟೇಟರಿನ (ತಿರುಗದೆ ನಿಂತಿರುವ ಹೊರಭಾಗದ) ತಂತಿಸುರುಳಿಗಳು ಹುಟ್ಟಿಸುವ ಕಾಂತಕ್ಷೇತ್ರವು ನಿಮಿಷಕ್ಕೆ 1500 ಬಾರಿ ಸುತ್ತುತ್ತದೆ. ಒಳಗೆ ತಿರುಗುವ ಭಾಗವಾದ ರೋಟರು ಅದಕ್ಕಿಂತ ತುಸು ಹಿಂದೆ ಉಳಿಯಲೇಬೇಕು. ಎರಡರ ವೇಗವೂ ಒಂದೇ ಆದರೆ ರೋಟರಿನ ಸರಳುಗಳಲ್ಲಿ ವಿದ್ಯುತ್ ಪ್ರೇರಣೆಯಾಗದೆ, ತಿರುಗಿಸುವ ಬಲವೇ ಇಲ್ಲವಾಗುತ್ತದೆ. ಹಿಂದೆ ಬೀಳುವ ಆ 60 ಸುತ್ತುಗಳನ್ನು ‘ಸ್ಲಿಪ್’ ಎನ್ನುತ್ತಾರೆ. ವೋಲ್ಟೇಜು ಇಳಿದಾಗ ಸ್ಲಿಪ್ ಹೆಚ್ಚುತ್ತದೆ, ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ತಂತಿಸುರುಳಿ (ವೈಂಡಿಂಗ್) ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ವೋಲ್ಟೇಜು ಬಿದ್ದಾಗ ಮೋಟಾರುಗಳು ಸುಡುವುದಕ್ಕೆ ಮುಖ್ಯ ಕಾರಣ ಇದೇ ಆದ್ದರಿಂದ, ನಿಮ್ಮ ಸ್ಟಾರ್ಟರಿನಲ್ಲಿ ಕರೆಂಟು ಮಿತಿಮೀರಿದಾಗ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಫಲಕದಲ್ಲಿರುವ ಆಂಪಿಯರಿಗೆ ಸರಿಯಾಗಿ ಹೊಂದಿಸಿಡುವಂತೆ ಎಲೆಕ್ಟ್ರಿಷಿಯನ್ನರಿಗೆ ಹೇಳಿ.