ಕಲ್ಲುಸಕ್ಕರೆಯೂ ಸಕ್ಕರೆಯೇ

ಅಮ್ಮನಿಗೆ ಶುಗರ್ ಇದೆ, ಸಕ್ಕರೆ ಬಿಟ್ಟು ಕಲ್ಲುಸಕ್ಕರೆ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಬದಲಾಯಿಸಿ ನಿಶ್ಚಿಂತೆಯಿಂದ ಇರಬೇಡಿ. ಎರಡರಲ್ಲೂ ಇರುವುದು ಸುಕ್ರೋಸ್. ಕರುಳಿನಲ್ಲಿ ಎರಡೂ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತವೆ. ಗ್ರಾಂಗೆ 4 ಕ್ಯಾಲೊರಿ, ಅದಕ್ಕೂ ಅಷ್ಟೇ, ಇದಕ್ಕೂ ಅಷ್ಟೇ.

ಕಲ್ಲುಸಕ್ಕರೆ ರಿಫೈನ್ ಮಾಡದ್ದು ಅನ್ನುವ ಮಾತು ಜಾಸ್ತಿ ಓಡಾಡುತ್ತದೆ. ಅದನ್ನು ಮಾಡುವ ಬಗೆ ನೋಡಿ. ಸಕ್ಕರೆಯ ಗಟ್ಟಿ ಪಾಕ ಕಾಯಿಸಿ, ಅದರೊಳಗೆ ದಾರ ಇಳಿಬಿಟ್ಟು, ಅಲುಗಾಡಿಸದೆ ಕೆಲವು ದಿನ ಬಿಡುತ್ತಾರೆ. ದಾರದ ಸುತ್ತ ಹರಳು ಕಟ್ಟುತ್ತಾ ಹೋಗುತ್ತದೆ. ನಿಧಾನವಾಗಿ ಬೆಳೆಯುವ ಹರಳಿಗೆ ಹೆಚ್ಚುಕಡಿಮೆ ಸುಕ್ರೋಸ್ ಒಂದೇ ಸೇರಿಕೊಳ್ಳುತ್ತದೆ. ಬಣ್ಣ, ಖನಿಜ, ಕಾಕಂಬಿಯ ಅಂಶ ಬಹುಪಾಲು ಪಾಕದಲ್ಲೇ ಉಳಿಯುತ್ತವೆ. ಹರಳು ತಿಳಿಯಾಗಿದ್ದಷ್ಟೂ ಅದು ಬರೀ ಸಕ್ಕರೆ. ಹಳದಿ ಬಣ್ಣದ್ದರಲ್ಲಿ ಚೂರು ಕಾಕಂಬಿ ಇರಬಹುದು. ಆದರೆ ಒಂದೆರಡು ಚಮಚದಲ್ಲಿ ಸಿಗುವ ಕಬ್ಬಿಣ, ಕ್ಯಾಲ್ಸಿಯಂ ಲೆಕ್ಕಕ್ಕೇ ಬರುವುದಿಲ್ಲ.

ಸಿಹಿ ಕಡಿಮೆ ಅಲ್ವಾ ಅಂತೀರಾ? ಹರಳುಗಳ ನಡುವೆ ಸಂದು ಇರುತ್ತದೆ, ಹಾಗಾಗಿ ಚಮಚದಲ್ಲಿ ತೂಕ ಕಡಿಮೆ ಬೀಳಬಹುದು. ಕರಗುವುದೂ ನಿಧಾನ. ಅದನ್ನೇ ಪುಡಿ ಮಾಡಿ ತೂಕ ಹಾಕಿ ನೋಡಿ, ಸಿಹಿಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಗಂಟಲು ಕೆರೆತಕ್ಕೆ ಚೀಪಿದರೆ ಹಾಯೆನಿಸುವುದು ನಿಜ. ಚೀಪುವಾಗ ಜೊಲ್ಲು ಬಂದು ಗಂಟಲು ನೆನೆಯುತ್ತದೆ. ಆದರೆ ಮಕ್ಕಳ ಬಾಯಲ್ಲಿ ಅದನ್ನು ಇಟ್ಟು ಮಲಗಿಸಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಸಕ್ಕರೆ ಹೆಚ್ಚು ಹೊತ್ತು ಬಾಯಲ್ಲಿದ್ದಷ್ಟೂ ಬ್ಯಾಕ್ಟೀರಿಯಾ ಆಮ್ಲ ಹುಟ್ಟಿಸುತ್ತವೆ, ಹಲ್ಲು ಹುಳುಕಾಗುತ್ತದೆ.

ಇನ್ನು ಅಳತೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ದಿನದ ಒಟ್ಟು ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯಂಥವು ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಅಂತ. 2000 ಕ್ಯಾಲೊರಿ ಊಟಕ್ಕೆ ಅದು ಸುಮಾರು 50 ಮತ್ತು 25 ಗ್ರಾಂ. ಜೇನು, ಹಣ್ಣಿನ ರಸ ಕೂಡ ಇದರಲ್ಲೇ ಸೇರುತ್ತವೆ. ಅಮ್ಮನಿಗೆ ಎಷ್ಟು ಅನ್ನುವುದನ್ನು ಅವರ ಡಾಕ್ಟರೇ ಹೇಳಬೇಕು. ಚಹಾದ ಸಿಹಿಯನ್ನು ವಾರಕ್ಕಿಷ್ಟು ಅಂತ ಇಳಿಸುತ್ತಾ ಬನ್ನಿ, ನಾಲಿಗೆ ಒಗ್ಗಿಕೊಳ್ಳುತ್ತದೆ.

ಇನ್ನೊಂದು ಮಾತು. ಶುಗರ್ ದಿಢೀರನೆ ಇಳಿದು ನಡುಕ, ಬೆವರು ಬಂದರೆ ಕಲ್ಲುಸಕ್ಕರೆ ಚೀಪಿಸುತ್ತಾ ಕೂರಬೇಡಿ, ತಡವಾಗುತ್ತದೆ. ಎಚ್ಚರವಿದ್ದು ನುಂಗುವಂತಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ಚೆಕ್ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.