ಟಿ ಕೋಶಕ್ಕೆ ಪಾಠ ಹೇಳೋದು ಯಾರು?

ಪ್ರಶ್ನೆ: ಕೊರೋನಾ ಬಂದಾಗ ಅದು ಹೊಸ ವೈರಸ್ ಆಗಿತ್ತಲ್ವಾ? ಅದನ್ನು ನಮ್ಮ ಟಿ ಕೋಶಗಳು (ರೋಗಾಣುಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ಗುರುತು ಹಿಡಿದದ್ದು ಹೇಗೆ? ಯಾರು ಕಲಿಸುತ್ತಾರೆ?

ಉತ್ತರ: ವೈರಸ್ ತೋರಿಸಿ ಯಾರೂ ಕಲಿಸುವುದಿಲ್ಲ. ಮುಂದೆ ಟಿ ಕೋಶಗಳಾಗುವ ಎಳೆ ಕೋಶಗಳು ಮೂಳೆಮಜ್ಜೆಯಿಂದ ಹೊರಟು ಎದೆಗೂಡಿನೊಳಗೆ, ಹೃದಯದ ಮೇಲ್ಗಡೆ ಇರುವ ಥೈಮಸ್ ಗ್ರಂಥಿಗೆ ಬರುತ್ತವೆ. ಅಲ್ಲಿ ರ‍್ಯಾಗ್ ಎಂಬ ಕಿಣ್ವ ಡಿಎನ್ಎಯನ್ನೇ ಕತ್ತರಿಸಿ, ವಿ, ಡಿ, ಜೆ ಎಂಬ ಜೀನ್ ತುಂಡುಗಳಲ್ಲಿ ಒಂದೊಂದನ್ನು ಆರಿಸುತ್ತದೆ, ಬೇರೆ ಕಿಣ್ವಗಳು ಅವನ್ನು ಅಂಟಿಸುತ್ತವೆ, ಅಂಟಿಸುವ ಜಾಗದಲ್ಲಿ ಇನ್ನೊಂದು ಕಿಣ್ವ ಲೆಕ್ಕವೇ ಇಲ್ಲದೆ ಸುಮ್ನೆ ಕೆಲವು ಡಿಎನ್ಎ ಅಕ್ಷರ ತುರುಕಿಬಿಡುತ್ತದೆ. ಈ ಜೀನಿನಿಂದಲೇ ಕೋಶದ ಮೈಮೇಲಿನ ಗ್ರಾಹಕ, ಅಂದರೆ ಗುರುತು ಹಿಡಿಯುವ ಕೊಂಡಿ, ತಯಾರಾಗುತ್ತದೆ. ಹೀಗಾಗಿ ಒಂದು ಕೋಶದ ಗ್ರಾಹಕದಂತೆ ಇನ್ನೊಂದರದ್ದು ಇರುವುದು ಅಪರೂಪ. ಪೂರಾ ಲಾಟರಿ.

ಆಮೇಲೆ ಪರೀಕ್ಷೆ. ದೇಹದ ಕೋಶಗಳು ಪ್ರೋಟೀನ್ ಚೂರುಗಳನ್ನು ಎಂಎಚ್‌ಸಿ ಎಂಬ ತಟ್ಟೆಯಲ್ಲಿಟ್ಟು ತೋರಿಸುತ್ತವೆ. ಆ ತಟ್ಟೆಯನ್ನೇ ಹಿಡಿಯಲಾಗದ ಎಳೆ ಕೋಶ ಸಾಯುತ್ತದೆ. ನಮ್ಮದೇ ಚೂರನ್ನು ಗಟ್ಟಿಯಾಗಿ ಕಚ್ಚಿಕೊಂಡರೂ ಸಾಮಾನ್ಯವಾಗಿ ಸಾವೇ. ನನಗೆ ತುಂಬಾ ಇಷ್ಟವಾದ ಸಂಗತಿ ಇದು: ಮೇದೋಜೀರಕದಲ್ಲಿ ತಯಾರಾಗುವ ಇನ್ಸುಲಿನ್ನನ್ನು ಥೈಮಸ್ ಕೂಡ ಚೂರುಪಾರು ತಯಾರಿಸಿ, 'ಇದು ನಮ್ಮದು, ಮುಟ್ಟಬೇಡ' ಅಂತ ಪರೀಕ್ಷೆಗೆ ಇಡುತ್ತದೆ! ನೂರಕ್ಕೆ 95ಕ್ಕೂ ಜಾಸ್ತಿ ಕೋಶಗಳು ಫೇಲು.

ಪಾಸಾದವು ರಕ್ತದಲ್ಲಿ ಸುತ್ತುತ್ತಿರುತ್ತವೆ. ಕೊರೋನಾ ಬಂದಾಗ ಅದರ ಚೂರಿಗೆ ಹೊಂದುವ ಕೆಲವೇ ಕೋಶಗಳು ಮೊದಲೇ ಒಳಗಿದ್ದವು, ಅವೇ ಲಕ್ಷಗಟ್ಟಲೆಯಾಗಿ ಹೆಚ್ಚಿಕೊಂಡವು.